ಹಿಮದಲ್ಲಿ ನಿಂತ ಬ್ಯಾಟರಿಯ ನಾಡಿ ಹಿಡಿಯುವುದು ಹೇಗೆ?

ಮಲಗಲು ಮಂಚ, ಅಡುಗೆಗೆ ಒಲೆ, ಫ್ರಿಜ್, ಒಂದು ಪುಟ್ಟ ಬಚ್ಚಲು. ಇಷ್ಟನ್ನೂ ಚಕ್ರಗಳ ಮೇಲೆ ಹೊತ್ತು ಸಾಗುವ ವಾಹನಗಳು ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ ಬಹಳ ಸಾಮಾನ್ಯ. ಅಲ್ಲಿನವರು ಅವನ್ನು ಚುಟುಕಾಗಿ 'ಆರ್‌ವಿ' ಎನ್ನುತ್ತಾರೆ. ವಿಹಾರ ವಾಹನ ಎಂಬರ್ಥದ 'ರಿಕ್ರಿಯೇಷನಲ್ ವೆಹಿಕಲ್' ಎಂಬುದರ ಹ್ರಸ್ವರೂಪ ಅದು. ಕೆಲವಕ್ಕೆ ಸ್ವಂತ ಎಂಜಿನ್ ಇರುತ್ತದೆ. ಕೆಲವನ್ನು ಬೇರೊಂದು ವಾಹನದ ಹಿಂದೆ ಕಟ್ಟಿ ಎಳೆಯಬೇಕು. ಬೇಸಿಗೆಯಲ್ಲಿ ಕಾಡು, ಸರೋವರಗಳನ್ನು ಸುತ್ತುವ ಈ ವಾಹನಗಳಿಗೆ ಉತ್ತರದ ಶೀತಪ್ರದೇಶಗಳಲ್ಲಿ ಚಳಿಗಾಲವೆಲ್ಲ ರಜೆ. ಅಕ್ಟೋಬರ್ ಕೊನೆಯಲ್ಲಿ ಅಂಗಳದಲ್ಲೋ ಬಾಡಿಗೆಯ ಬಯಲಿನಲ್ಲೋ ನಿಲ್ಲಿಸಿದರೆ ಮತ್ತೆ ಬಾಗಿಲು ತೆರೆಯುವುದು ಏಪ್ರಿಲ್‌ನಲ್ಲಿ.

ನಿಲ್ಲಿಸುವ ಮುನ್ನ ಮಾಲೀಕರು ನೀರಿನ ಟ್ಯಾಂಕು, ಕೊಳವೆಗಳನ್ನು ಬರಿದು ಮಾಡುತ್ತಾರೆ. ಆಮೇಲೆ ಪ್ರೊಪಿಲೀನ್ ಗ್ಲೈಕಾಲ್ ಬೆರೆತ ಗುಲಾಬಿ ಬಣ್ಣದ ದ್ರವವನ್ನು ಕೊಳವೆಗಳೊಳಗೆ ತುಂಬುತ್ತಾರೆ. ಕಾರಣ ನಿಮಗೆ ಗೊತ್ತೇ ಇದೆ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು 9 ಪ್ರತಿಶತ ಹಿಗ್ಗುತ್ತದೆ, ಕೊಳವೆ ಒಡೆಯುತ್ತದೆ. ಆದರೆ ವಾಹನದಲ್ಲಿ ನೀರು ತುಂಬಿದ ಪೆಟ್ಟಿಗೆ ಇನ್ನೊಂದಿದೆ. ಅದೇ ದೀಪ, ಪಂಪು, ಫ್ಯಾನುಗಳಿಗೆ ವಿದ್ಯುತ್ ಒದಗಿಸುವ 12 ವೋಲ್ಟ್‌ನ ಸೀಸ-ಆಮ್ಲ ಬ್ಯಾಟರಿ. ಇದನ್ನು ಬರಿದು ಮಾಡುವಂತಿಲ್ಲ, ಗ್ಲೈಕಾಲ್ ಸುರಿಯುವಂತೆಯೂ ಇಲ್ಲ. ಒಳಗಿನ ನೀರು ಹೆಪ್ಪುಗಟ್ಟದಂತೆ ತಡೆಯುವುದು ಅದರಲ್ಲೇ ಕರಗಿರುವ ಸಲ್ಫ್ಯೂರಿಕ್ ಆಮ್ಲ. ಆ ಆಮ್ಲ ಎಷ್ಟು ಉಳಿದಿರುತ್ತದೆ ಎಂಬುದನ್ನು ನಿರ್ಧರಿಸುವುದು ಬ್ಯಾಟರಿಯ ಚಾರ್ಜು. ಹಾಗಾಗಿ ಈ ಊರುಗಳಲ್ಲಿ ಚಾರ್ಜಿನ ಮೇಲೆ ಕಣ್ಣಿಡುವುದೆಂದರೆ ಬ್ಯಾಟರಿ ಒಡೆಯದಂತೆ ಕಾಯುವುದು ಎಂದೇ ಅರ್ಥ.

ಆಮ್ಲ ಎಲ್ಲಿಗೆ ಹೋಗುತ್ತದೆ?

ಫ್ರಾನ್ಸಿನ ಗಸ್ಟನ್ ಪ್ಲಾಂಟೆ 1859ರಲ್ಲಿ ಸೀಸ-ಆಮ್ಲ ಕೋಶವನ್ನು ರೂಪಿಸಿದ. ಅದರ ಮೂಲ ರಸಾಯನಕ್ರಿಯೆ ಇಂದಿಗೂ ಅದೇ. ಋಣ ಫಲಕ ಸೀಸ, ಧನ ಫಲಕ ಸೀಸದ ಡೈಆಕ್ಸೈಡ್. ಇವೆರಡರ ನಡುವೆ ನೀರು ಬೆರೆತ ಸಲ್ಫ್ಯೂರಿಕ್ ಆಮ್ಲ. ಬ್ಯಾಟರಿ ವಿದ್ಯುತ್ ಕೊಡುವಾಗ ನಡೆಯುವ ಕ್ರಿಯೆ ಹೀಗೆ:

ಸೀಸ + ಸೀಸದ ಡೈಆಕ್ಸೈಡ್ + 2 ಸಲ್ಫ್ಯೂರಿಕ್ ಆಮ್ಲ → 2 ಸೀಸದ ಸಲ್ಫೇಟ್ + 2 ನೀರು

ಎಡಗಡೆಯ ಆಮ್ಲ ಬಲಗಡೆಯಲ್ಲಿಲ್ಲ ಎಂಬುದನ್ನು ಗಮನಿಸಿ. ಅದರ ಸಲ್ಫೇಟ್ ಭಾಗ ಫಲಕಗಳಿಗೆ ಅಂಟಿಕೊಂಡಿದೆ; ದ್ರಾವಣಕ್ಕೆ ನೀರು ಸೇರಿದೆ. ಇತರ ಹಲವು ಬಗೆಯ ಕೋಶಗಳಲ್ಲಿ ದ್ರಾವಣ ಕೇವಲ ಅಯಾನುಗಳ ದಾರಿ. ಇಲ್ಲಿ ಅದು ಸ್ವತಃ ಕ್ರಿಯೆಯಲ್ಲಿ ಖರ್ಚಾಗುವ ವಸ್ತು. ಪೂರ್ಣ ಚಾರ್ಜಾದ ಬ್ಯಾಟರಿಯಲ್ಲಿ ದ್ರಾವಣದ ತೂಕದ ಸುಮಾರು 35 ಪ್ರತಿಶತ ಆಮ್ಲ. ಚಾರ್ಜು ಮುಗಿದಾಗ ಉಳಿಯುವುದು ಅದರ ಅರ್ಧದಷ್ಟು. ಆಮ್ಲ ನೀರಿಗಿಂತ ಭಾರವಾದ್ದರಿಂದ ಸಾಪೇಕ್ಷ ಸಾಂದ್ರತೆಯೂ ಇಳಿಯುತ್ತದೆ. ಅದರೊಂದಿಗೆ ವಿಭವಾಂತರವೂ ಇಳಿಯುತ್ತದೆ. ಇವೆರಡರ ನಡುವೆ ನೆನಪಿಡಲು ಸುಲಭವಾದ ಒಂದು ಸ್ಥೂಲ ಸಂಬಂಧವಿದೆ: ಸಾಪೇಕ್ಷ ಸಾಂದ್ರತೆಗೆ 0.84 ಕೂಡಿಸಿದರೆ ಒಂದು ಕೋಶದ ವೋಲ್ಟೇಜು ಬರುತ್ತದೆ. 12 ವೋಲ್ಟ್‌ನ ಬ್ಯಾಟರಿಯಲ್ಲಿ ಆರು ಕೋಶಗಳಿರುವುದರಿಂದ ಅದನ್ನು ಆರರಿಂದ ಗುಣಿಸಬೇಕು. ಕೆಳಗಿನ ಕೋಷ್ಟಕದ ಮೂರನೆಯ ಕಂಬಸಾಲನ್ನು ನೀವೇ ಹೀಗೆ ಲೆಕ್ಕಹಾಕಿ ನೋಡಬಹುದು.

| ಚಾರ್ಜು (ಪ್ರತಿಶತ) | ಸಾಪೇಕ್ಷ ಸಾಂದ್ರತೆ | ವಿಶ್ರಾಂತ ವೋಲ್ಟೇಜು | ಹೆಪ್ಪುಗಟ್ಟಲು ತೊಡಗುವ ತಾಪ (ಸುಮಾರು) |
|---|---|---|---|
| 100 | 1.265 | 12.6 | –57° ಸೆ. |
| 75 | 1.225 | 12.4 | –37° ಸೆ. |
| 50 | 1.190 | 12.2 | –23° ಸೆ. |
| 25 | 1.155 | 12.0 | –15° ಸೆ. |
| 0 | 1.120 | 11.8 | –9° ಸೆ. |

ತಯಾರಕರಿಂದ ತಯಾರಕರಿಗೆ ಈ ಅಂಕಿಗಳು ತುಸು ಬದಲಾಗುತ್ತವೆ. ಪೂರ್ಣ ಚಾರ್ಜಿನಲ್ಲಿ 1.280 ಸಾಂದ್ರತೆಯ ಬ್ಯಾಟರಿಗಳೂ ಇವೆ. ಆದರೆ ಕೊನೆಯ ಕಂಬಸಾಲಿನ ಸ್ವರೂಪ ಎಲ್ಲೆಡೆ ಒಂದೇ. ತುಂಬಿದ ಬ್ಯಾಟರಿ ಯಾವ ಚಳಿಗೂ ಜಗ್ಗದು. ಬರಿದಾದ ಬ್ಯಾಟರಿ ಸಾಧಾರಣ ಚಳಿಗೇ ಗಡ್ಡೆ ಕಟ್ಟುತ್ತದೆ.

'ಹೆಪ್ಪುಗಟ್ಟಲು ತೊಡಗುವ' ಎಂದು ಬರೆದದ್ದಕ್ಕೆ ಕಾರಣವಿದೆ. ದ್ರಾವಣದಿಂದ ಮೊದಲು ಬೇರೆಯಾಗುವುದು ಶುದ್ಧ ನೀರಿನ ಹರಳುಗಳು. ಉಳಿದ ದ್ರವದಲ್ಲಿ ಆಮ್ಲದ ಪ್ರಮಾಣ ಏರುವುದರಿಂದ ಅದು ಇನ್ನಷ್ಟು ಚಳಿಯನ್ನು ತಡೆದುಕೊಳ್ಳುತ್ತದೆ. ಆದ್ದರಿಂದ ಕೋಷ್ಟಕದ ಗೆರೆ ದಾಟಿದ ಕ್ಷಣದಲ್ಲೇ ಪೆಟ್ಟಿಗೆ ಸಿಡಿಯುವುದಿಲ್ಲ. ಮೊದಲು ಹರಳು ಬೆರೆತ ಗಂಜಿಯಂತಾಗುತ್ತದೆ. ಚಳಿ ಇನ್ನೂ ಹೆಚ್ಚಿದರೆ ಮಂಜು ಹಿಗ್ಗಿ ಫಲಕಗಳು ಬಾಗುತ್ತವೆ, ಅವುಗಳ ಮೇಲಿನ ಲೇಪ ಉದುರುತ್ತದೆ, ಕೊನೆಗೆ ಪ್ಲಾಸ್ಟಿಕ್ ಪೆಟ್ಟಿಗೆಯ ಪಕ್ಕೆ ಉಬ್ಬಿ ಬಿರಿಯುತ್ತದೆ. ಬಿರುಕು ಗಡ್ಡೆಯ ಸ್ಥಿತಿಯಲ್ಲಿ ಕಾಣದೆ ಹೋಗಬಹುದು. ವಸಂತದಲ್ಲಿ ಕರಗಿದಾಗ ಆಮ್ಲ ಸೋರಿ ಗೊತ್ತಾಗುತ್ತದೆ.

ಚಾರ್ಜು ಕದಿಯುವವರು ಯಾರು?

ಯಾವ ಬ್ಯಾಟರಿಯೂ ಸುಮ್ಮನೆ ಕುಳಿತಲ್ಲೇ ಒಂದಿಷ್ಟು ಚಾರ್ಜು ಕಳೆದುಕೊಳ್ಳುತ್ತದೆ. ಇದು ಸ್ವಯಂ ವಿಸರ್ಜನೆ. ದ್ರವ ತುಂಬಿದ ಸಾಮಾನ್ಯ ಸೀಸ-ಆಮ್ಲ ಬ್ಯಾಟರಿಯಲ್ಲಿ 27° ಸೆ. ತಾಪದಲ್ಲಿ ಇದನ್ನು ತಿಂಗಳಿಗೆ ಸುಮಾರು 5 ಪ್ರತಿಶತ ಎಂದಿಟ್ಟುಕೊಳ್ಳೋಣ. ತಾಪ 10° ಏರಿದರೆ ಇದರ ದರ ಸರಿಸುಮಾರು ಇಮ್ಮಡಿಯಾಗುತ್ತದೆ, 10° ಇಳಿದರೆ ಅರ್ಧವಾಗುತ್ತದೆ. ನಮ್ಮ ಶಾಲೆಗಳ ಇನ್ವರ್ಟರ್ ಬ್ಯಾಟರಿಗಳು ಏಪ್ರಿಲ್-ಮೇ ರಜೆಯಲ್ಲಿ 37° ಸೆ. ಸೆಕೆಯ ಕೋಣೆಯಲ್ಲಿ ಕುಳಿತರೆ ಎರಡು ತಿಂಗಳಲ್ಲಿ ಸುಮಾರು 20 ಪ್ರತಿಶತ ಹೀಗೇ ಸೋರಿಹೋಗುತ್ತದೆ. ಅದೇ ಬ್ಯಾಟರಿ –3° ಸೆ.ನಲ್ಲಿದ್ದರೆ ತಿಂಗಳಿಗೆ ಕಳೆದುಕೊಳ್ಳುವುದು 1 ಪ್ರತಿಶತಕ್ಕಿಂತ ಕಡಿಮೆ. ಅಂದರೆ ಚಳಿ ಬ್ಯಾಟರಿಯ ಮಿತ್ರನೂ ಹೌದು! ತಂತಿ ಕಳಚಿಟ್ಟ, ಪೂರ್ತಿ ತುಂಬಿದ, ಆರೋಗ್ಯವಂತ ಬ್ಯಾಟರಿ ಹಿಮದಲ್ಲಿ ಐದು ತಿಂಗಳು ನಿಂತರೂ 90 ಪ್ರತಿಶತಕ್ಕಿಂತ ಹೆಚ್ಚು ಚಾರ್ಜು ಉಳಿಸಿಕೊಂಡಿರುತ್ತದೆ. ಅದನ್ನು ಬೆಚ್ಚಗಿನ ನೆಲಮಾಳಿಗೆಗೆ ಹೊತ್ತೊಯ್ದರೆ ಚಾರ್ಜು ಬೇಗ ಇಳಿಯುತ್ತದೆ. ಕಾಂಕ್ರೀಟು ನೆಲದ ಮೇಲಿಟ್ಟರೆ ಚಾರ್ಜು ನೆಲಕ್ಕೆ ಇಳಿದುಹೋಗುತ್ತದೆ ಎಂಬ ಹಳೆಯ ನಂಬಿಕೆಯಲ್ಲಿ ಮಾತ್ರ ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಗಳ ಮಟ್ಟಿಗೆ ಹುರುಳಿಲ್ಲ.

ನಿಜವಾದ ಕಳ್ಳರು ಬೇರೆ. ವಾಹನದ ಎಲ್ಲ ಸ್ವಿಚ್ಚುಗಳನ್ನು ಆರಿಸಿದ ಮೇಲೂ ಕೆಲವು ಸಾಧನಗಳು ಎಚ್ಚರವಾಗಿರುತ್ತವೆ. ಅಡುಗೆ ಅನಿಲದ ಸೋರಿಕೆಯನ್ನು ಪತ್ತೆಹಚ್ಚುವ ಸಾಧನ, ರೇಡಿಯೋದ ಗಡಿಯಾರ, ಫ್ರಿಜ್ಜಿನ ನಿಯಂತ್ರಣ ಫಲಕ ಇಂಥವು. ಸುರಕ್ಷತೆಯ ದೃಷ್ಟಿಯಿಂದ ಅನಿಲ ಪತ್ತೆ ಸಾಧನವನ್ನು ಎಷ್ಟೋ ವಾಹನಗಳಲ್ಲಿ ಮುಖ್ಯ ಸ್ವಿಚ್ಚಿನ ಹೊರಗೇ ಜೋಡಿಸಿರುತ್ತಾರೆ. ಸ್ವಿಚ್ಚು ಆರಿಸಿದೆನೆಂದು ಮಾಲೀಕ ನಿಶ್ಚಿಂತನಾಗಿರುತ್ತಾನೆ, ಸಾಧನ ತನ್ನ ಪಾಡಿಗೆ ವಿದ್ಯುತ್ ಎಳೆಯುತ್ತಿರುತ್ತದೆ.

ಲೆಕ್ಕ ಹಾಕೋಣ. ಕೆನಡಾದ ವಿನಿಪೆಗ್ ನಗರದ ಹೊರಗೆ ನವೆಂಬರ್ 1ರಂದು ಒಂದು ಆರ್‌ವಿಯನ್ನು ನಿಲ್ಲಿಸಿದ್ದಾರೆ ಎಂದುಕೊಳ್ಳಿ. ಬ್ಯಾಟರಿ 100 ಆಂಪಿಯರ್-ಗಂಟೆಯದು, ಪೂರ್ತಿ ತುಂಬಿದೆ. ಹೊರಗುಳಿದ ಸಾಧನ ಎಳೆಯುವುದು ಬರೀ 80 ಮಿಲಿಆಂಪಿಯರ್. ದಿನಕ್ಕೆ 0.08 × 24 = 1.92 ಆಂಪಿಯರ್-ಗಂಟೆ. 26 ದಿನಗಳಲ್ಲಿ, ಅಂದರೆ ನವೆಂಬರ್ 27ಕ್ಕೆ, ಚಾರ್ಜು ಅರ್ಧ. ಡಿಸೆಂಬರ್ 10ಕ್ಕೆ ಕಾಲುಭಾಗ. ಡಿಸೆಂಬರ್ 23ಕ್ಕೆ ಖಾಲಿ. ವಿನಿಪೆಗ್‌ನಲ್ಲಿ ಜನವರಿಯ ಸರಾಸರಿ ಕನಿಷ್ಠ ತಾಪ –20° ಸೆ.ಗಿಂತ ಕೆಳಗಿರುತ್ತದೆ. ಕೋಷ್ಟಕದ ಕೊನೆಯ ಸಾಲನ್ನು ಮತ್ತೊಮ್ಮೆ ನೋಡಿ. ಬ್ಯಾಟರಿ ಕ್ರಿಸ್‌ಮಸ್ ಹೊತ್ತಿಗೆ ಬರಿದಾಗಿ ಜನವರಿಯಲ್ಲಿ ಒಡೆಯುತ್ತದೆ; ಮಾಲೀಕನಿಗೆ ತಿಳಿಯುವುದು ಏಪ್ರಿಲ್‌ನಲ್ಲಿ. ಒಂದು ಸಣ್ಣ ಸೂಚಕ ದೀಪಕ್ಕೆ ಸಾಲುವಷ್ಟು ಪ್ರವಾಹ ಮಾಡುವ ಕೆಲಸ ಇದು.

ಒಡೆಯದೆ ಉಳಿದರೂ ಹಾನಿ ತಪ್ಪದು. ಫಲಕಗಳ ಮೇಲಿನ ಸೀಸದ ಸಲ್ಫೇಟ್ ತಿಂಗಳುಗಟ್ಟಲೆ ಹಾಗೇ ಉಳಿದರೆ ಅದರ ನವುರಾದ ಹರಳುಗಳು ಬೆಳೆದು ಗಟ್ಟಿಯಾಗುತ್ತವೆ. ಮತ್ತೆ ಚಾರ್ಜು ಮಾಡಿದಾಗ ಅವು ಪೂರ್ತಿ ಕರಗುವುದಿಲ್ಲ. ಬ್ಯಾಟರಿಯ ಸಾಮರ್ಥ್ಯ ಅಷ್ಟರ ಮಟ್ಟಿಗೆ ಖಾಯಮ್ಮಾಗಿ ಕುಗ್ಗುತ್ತದೆ.

ವೋಲ್ಟ್‌ಮಾಪಕ ಹೇಳುವುದೇನು?

ಚಾರ್ಜನ್ನು ನೇರವಾಗಿ ಅಳೆಯುವ ಉಪಕರಣ ಯಾವುದೂ ಇಲ್ಲ. ಅದಕ್ಕೆ ಸಂಬಂಧಿಸಿದ ಬೇರೊಂದು ರಾಶಿಯನ್ನು ಅಳೆದು ಊಹಿಸಬೇಕು. ಕೈಗೆ ಸುಲಭವಾಗಿ ಸಿಗುವುದು ವೋಲ್ಟ್‌ಮಾಪಕ. ಆದರೆ ಅದರ ಅಂಕಿಯನ್ನು ಓದುವಾಗ ಮೂರು ಸಂಗತಿ ಗಮನದಲ್ಲಿರಬೇಕು.

ಪೂರ್ಣ ಚಾರ್ಜಿಗೂ ಶೂನ್ಯ ಚಾರ್ಜಿಗೂ ಇರುವ ಅಂತರ ಬರೀ 0.8 ವೋಲ್ಟ್. ಅಂದರೆ 1 ಪ್ರತಿಶತ ಚಾರ್ಜಿಗೆ 0.008 ವೋಲ್ಟ್. ಅಗ್ಗದ ಮಾಪಕವೊಂದರ ನಿಖರತೆ 1 ಪ್ರತಿಶತ ಎಂದರೆ 12.6ರಲ್ಲಿ 0.126 ವೋಲ್ಟ್ ಆಚೀಚೆ ಆಗಬಹುದು. ಚಾರ್ಜಿನ ಲೆಕ್ಕದಲ್ಲಿ ಇದು ಸುಮಾರು 16 ಪ್ರತಿಶತ ಅನಿಶ್ಚಿತತೆ! ಡ್ಯಾಶ್‌ಬೋರ್ಡಿನ ನಾಲ್ಕು ದೀಪಗಳ ಸೂಚಕವನ್ನು ಎಷ್ಟು ನಂಬಬಹುದೆಂದು ಇದರಿಂದಲೇ ಊಹಿಸಿ.

ಎರಡನೆಯದು ವಿಶ್ರಾಂತಿ. ಚಾರ್ಜು ಮಾಡಿ ತೆಗೆದ ಕೂಡಲೇ ಅಳೆದರೆ 13ಕ್ಕಿಂತ ಹೆಚ್ಚು ಕಾಣುತ್ತದೆ. ಫಲಕಗಳ ರಂಧ್ರಗಳಲ್ಲಿ ಆಗಷ್ಟೇ ಹುಟ್ಟಿದ ಗಾಢ ಆಮ್ಲ ಉಳಿದ ದ್ರಾವಣದೊಳಕ್ಕೆ ಇನ್ನೂ ವಿಸರಣಗೊಂಡಿರುವುದಿಲ್ಲ. ಹಲವು ಗಂಟೆ, ಸಾಧ್ಯವಾದರೆ ಒಂದು ಇಡೀ ದಿನ, ಬ್ಯಾಟರಿ ಸುಮ್ಮನಿರಬೇಕು. ಚಳಿಯಲ್ಲಿ ವಿಸರಣ ನಿಧಾನವಾದ್ದರಿಂದ ಕಾಯುವ ಅವಧಿಯೂ ಹೆಚ್ಚು. ಚಾರ್ಜರ್ ಅಂಟಿಕೊಂಡೇ ಇರುವಾಗ 13.5 ಎಂದು ತೋರಿಸಿದರೆ ಅದು ಚಾರ್ಜರಿನ ಸಮಾಚಾರ, ಬ್ಯಾಟರಿಯದಲ್ಲ.

ಮೂರನೆಯದೇ ಹೆಚ್ಚು ಉಪಯುಕ್ತ. ಒಂದು ದಿನದ ಅಂಕಿಗಿಂತ ದಿನದಿಂದ ದಿನಕ್ಕೆ ಅದು ಇಳಿಯುವ ಬಗೆ ಹೆಚ್ಚು ಹೇಳುತ್ತದೆ. ಮಾಪಕ ನಿಖರವಲ್ಲದಿದ್ದರೂ ಅದೇ ಮಾಪಕ ದಿನವೂ ಹೆಚ್ಚುಕಡಿಮೆ ಅಷ್ಟೇ ತಪ್ಪು ಮಾಡುತ್ತದೆ. ವ್ಯತ್ಯಾಸ ತೆಗೆದಾಗ ಆ ತಪ್ಪು ಕಳೆದುಹೋಗುತ್ತದೆ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ಅಳೆದು ಗ್ರಾಫು ಕಾಗದದ ಮೇಲೆ ಗುರುತಿಸುತ್ತ ಹೋದರೆ ತಂತಿ ಕಳಚಿದ ಬ್ಯಾಟರಿಯ ರೇಖೆ ಹೆಚ್ಚುಕಡಿಮೆ ಮಟ್ಟಸವಾಗಿರುತ್ತದೆ. ಮೇಲೆ ಹೇಳಿದ 80 ಮಿಲಿಆಂಪಿಯರ್ ಕಳ್ಳನಿದ್ದರೆ ವಾರಕ್ಕೆ 0.1 ವೋಲ್ಟ್‌ನಂತೆ ಇಳಿಯುತ್ತದೆ. ಎರಡನೆಯ ವಾರಕ್ಕೇ ಅನುಮಾನ ಬರಬೇಕು.

ತೇಲುವ ಬುರುಡೆಯ ಸಾಕ್ಷ್ಯ

ಮುಚ್ಚಳ ತೆಗೆಯಬಲ್ಲ ಬ್ಯಾಟರಿಯಾದರೆ ಹೈಡ್ರೋಮೀಟರ್ ಇನ್ನೂ ಒಳ್ಳೆಯ ಸಾಕ್ಷಿ. ಆಮ್ಲವನ್ನು ಗಾಜಿನ ನಳಿಗೆಗೆ ಹೀರಿ, ತೇಲುವ ಬುರುಡೆ ಯಾವ ಗೆರೆಯವರೆಗೆ ಮುಳುಗಿದೆ ಎಂದು ನೋಡಬೇಕು. ಇದಕ್ಕೆ ಕೈಗವಸು, ಕನ್ನಡಕ ಕಡ್ಡಾಯ. ಆರೂ ಕೋಶಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಬಹುದಾದ್ದರಿಂದ ಕೆಟ್ಟ ಕೋಶ ಯಾವುದೆಂದೂ ತಿಳಿಯುತ್ತದೆ. ವೋಲ್ಟ್‌ಮಾಪಕಕ್ಕೆ ಕಾಣುವುದು ಆರರ ಮೊತ್ತ ಮಾತ್ರ.

ಆದರೆ ಹಿಮದಲ್ಲಿ ಇದೂ ಮೋಸಮಾಡುತ್ತದೆ. ದ್ರವ ತಣ್ಣಗಾದಾಗ ಕುಗ್ಗಿ ಸಾಂದ್ರತೆ ಏರುತ್ತದೆ. ಆಮ್ಲ ಹೆಚ್ಚಿಲ್ಲದಿದ್ದರೂ ಬುರುಡೆ ಮೇಲೆ ತೇಲುತ್ತದೆ. ಕೋಷ್ಟಕದ ಅಂಕಿಗಳು 27° ಸೆ.ಗೆ ಸಂಬಂಧಿಸಿದವು. ಅದಕ್ಕಿಂತ ಕೆಳಗಿನ ಪ್ರತಿ ಡಿಗ್ರಿಗೆ ಸುಮಾರು 0.0007 ಕಳೆಯಬೇಕು. –10° ಸೆ.ನಲ್ಲಿ ಮಾಪಕ 1.225 ತೋರಿಸಿತು ಎನ್ನಿ. ವ್ಯತ್ಯಾಸ 37 ಡಿಗ್ರಿ, ಕಳೆಯಬೇಕಾದ್ದು 0.026. ನಿಜವಾದ ಅಂಕಿ 1.199. ಮುಕ್ಕಾಲು ತುಂಬಿದೆ ಎಂದುಕೊಂಡ ಬ್ಯಾಟರಿ ಅರ್ಧಕ್ಕಿಂತ ತುಸುವೇ ಮೇಲಿದೆ. ತಿದ್ದುಪಡಿ ಮರೆತವರಿಗೆ ಹೆಪ್ಪುಗಟ್ಟುವ ತಾಪದ ಅಂದಾಜಿನಲ್ಲಿ ಹತ್ತು ಡಿಗ್ರಿಗೂ ಮಿಕ್ಕಿ ತಪ್ಪುತ್ತದೆ.

ಪ್ರವಾಹವನ್ನು ಎಣಿಸುವ ಗುಮಾಸ್ತ

ಮೂರನೆಯ ವಿಧಾನ, ಒಳಹೋದ ಮತ್ತು ಹೊರಬಂದ ಆಂಪಿಯರ್-ಗಂಟೆಗಳ ಜಮಾಖರ್ಚು ಬರೆದಿಡುವುದು. ಋಣ ತಂತಿಯ ದಾರಿಯಲ್ಲಿ ಅತಿ ಕಡಿಮೆ ರೋಧದ ಲೋಹಪಟ್ಟಿಯನ್ನು ಕೂರಿಸುತ್ತಾರೆ. ಇದಕ್ಕೆ ಷಂಟ್ ಎಂದು ಹೆಸರು. ಅದರ ಎರಡು ತುದಿಗಳ ವಿಭವಾಂತರದಿಂದ ಪ್ರವಾಹ ತಿಳಿಯುತ್ತದೆ. ಅದನ್ನು ಎಲೆಕ್ಟ್ರಾನಿಕ್ ಮಂಡಲ ಸದಾ ಕೂಡುತ್ತ ಕಳೆಯುತ್ತ ಇರುತ್ತದೆ. ಬೇಸಿಗೆಯ ಓಡಾಟದಲ್ಲಿ ಇದು ಅತ್ಯುತ್ತಮ ಉಪಕರಣ.

ಚಳಿಗಾಲದ ಕಥೆಯೇ ಬೇರೆ. 500 ಆಂಪಿಯರ್‌ಗೆ 50 ಮಿಲಿವೋಲ್ಟ್ ಕೊಡುವ ಷಂಟ್ ಬಹಳ ಬಳಕೆಯಲ್ಲಿದೆ. ಓಮನ ನಿಯಮದಂತೆ ಅದರ ರೋಧ 0.0001 ಓಮ್. ನಮ್ಮ 80 ಮಿಲಿಆಂಪಿಯರ್ ಇದರ ಮೂಲಕ ಹರಿದಾಗ ಸಿಗುವುದು 8 ಮೈಕ್ರೋವೋಲ್ಟ್. ಉಪಕರಣದ ಶೂನ್ಯಬಿಂದು 2 ಮೈಕ್ರೋವೋಲ್ಟ್ ಸರಿದಿದ್ದರೂ 20 ಮಿಲಿಆಂಪಿಯರ್ ಲೆಕ್ಕ ತಪ್ಪುತ್ತದೆ. ಐದು ತಿಂಗಳಲ್ಲಿ ಆ ತಪ್ಪು 72 ಆಂಪಿಯರ್-ಗಂಟೆಯಾಗಿ ಬೆಳೆದಿರುತ್ತದೆ. ಇನ್ನೊಂದು ಮಾತು: ಸ್ವಯಂ ವಿಸರ್ಜನೆ ಬ್ಯಾಟರಿಯ ಒಳಗೇ ನಡೆಯುವುದರಿಂದ ಅದು ಷಂಟ್ ದಾಟುವುದೇ ಇಲ್ಲ, ಗುಮಾಸ್ತನ ಪುಸ್ತಕಕ್ಕೆ ಏರುವುದೂ ಇಲ್ಲ. ದೀರ್ಘ ನಿಲುಗಡೆಯಲ್ಲಿ ಷಂಟಿನ '87 ಪ್ರತಿಶತ' ಎಂಬ ಖಚಿತ ಧ್ವನಿಗಿಂತ ಬಡಪಾಯಿ ವೋಲ್ಟ್‌ಮಾಪಕವೇ ವಾಸಿ.

ಈಗ ಬ್ಯಾಟರಿಯ ವೋಲ್ಟೇಜನ್ನು ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ನೋಡುವ ಸಾಧನಗಳೂ ಇವೆ. ಅವುಗಳ ಊಟವೂ ಅದೇ ಬ್ಯಾಟರಿಯಿಂದ. ಸದಾ ಸಂಪರ್ಕದಲ್ಲಿದ್ದು 60 ಮಿಲಿಆಂಪಿಯರ್ ಎಳೆಯುವ ಸಾಧನವಿದ್ದರೆ ಕಾವಲುಗಾರನೇ ಇನ್ನೊಬ್ಬ ಕಳ್ಳ! ದಿನಕ್ಕೊಮ್ಮೆ ಒಂದು ನಿಮಿಷ ಎದ್ದು, 100 ಮಿಲಿಆಂಪಿಯರ್ ಬಳಸಿ, ಅಂಕಿ ಕಳುಹಿಸಿ ಮಲಗುವ ಸಾಧನವಾದರೆ ಖರ್ಚು 2 ಮಿಲಿಆಂಪಿಯರ್-ಗಂಟೆಗಿಂತ ಕಡಿಮೆ. ವಾರಗಟ್ಟಲೆ ನಿಧಾನವಾಗಿ ಬದಲಾಗುವ ರಾಶಿಯನ್ನು ಕ್ಷಣಕ್ಷಣವೂ ಅಳೆಯುವುದರಲ್ಲಿ ಅರ್ಥವಿಲ್ಲ.

ತುಂಬಿಸುವಾಗಿನ ಎಚ್ಚರ

ಅಂಕಿ 12.4ಕ್ಕೆ ಇಳಿಯಿತು ಎಂದರೆ ಚಾರ್ಜು ಮಾಡುವ ಸಮಯ. ಆದರೆ ಮೊದಲು ಬ್ಯಾಟರಿ ಗಡ್ಡೆಯಾಗಿಲ್ಲ ಎಂದು ಖಚಿತವಾಗಬೇಕು. ಪಕ್ಕೆ ಉಬ್ಬಿದ್ದರೆ ಅಥವಾ ಕೋಶದೊಳಗೆ ಹರಳು ಕಂಡರೆ ಚಾರ್ಜರ್ ಹಚ್ಚಲೇಬಾರದು. ಬಾಗಿದ ಫಲಕಗಳ ನಡುವೆ ಕಿಡಿ ಹಾರಿ, ಚಾರ್ಜಿನಲ್ಲಿ ಹುಟ್ಟುವ ಹೈಡ್ರೋಜನ್ ಸ್ಫೋಟಿಸಬಹುದು.

ಚಳಿಯಲ್ಲಿ ಚಾರ್ಜರ್ ಕೊಡಬೇಕಾದ ವೋಲ್ಟೇಜೂ ಹೆಚ್ಚು. 25° ಸೆ.ನಲ್ಲಿ 13.5 ವೋಲ್ಟ್ ಸಾಕಾಗುವ ಕಡೆ, ಪ್ರತಿ ಕೋಶಕ್ಕೆ ಡಿಗ್ರಿಯೊಂದಕ್ಕೆ 4 ಮಿಲಿವೋಲ್ಟ್‌ನಂತೆ ಏರಿಸಿದರೆ –15° ಸೆ.ನಲ್ಲಿ ಸುಮಾರು 14.5 ಬೇಕಾಗುತ್ತದೆ. ತಾಪವನ್ನು ಗ್ರಹಿಸದ ಚಾರ್ಜರ್ ತಿಂಗಳುಗಟ್ಟಲೆ ಅಂಟಿಕೊಂಡಿದ್ದರೂ ಬ್ಯಾಟರಿಯನ್ನು ಅರೆಹೊಟ್ಟೆಯಲ್ಲೇ ಇಡುತ್ತದೆ.

ಛಾವಣಿಯ ಸೌರಫಲಕ ಇದೆಯಲ್ಲ ಎನ್ನಬಹುದು. ವಿನಿಪೆಗ್ ಇರುವುದು ಹೆಚ್ಚುಕಡಿಮೆ 50° ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ ದಿಗಂತದಿಂದ 17 ಡಿಗ್ರಿಯಷ್ಟೂ ಏರುವುದಿಲ್ಲ. ಬೆಂಗಳೂರಿನಲ್ಲಿ ಅದೇ ದಿನ ಸುಮಾರು 53.6 ಡಿಗ್ರಿ. ಅಡ್ಡಲಾಗಿ ಮಲಗಿಸಿದ ಫಲಕದ ಮೇಲೆ ಬೀಳುವ ಬೆಳಕು ಈ ಕೋನದ ಸೈನ್‌ಗೆ ಅನುಪಾತದಲ್ಲಿರುತ್ತದೆ: ಒಂದೆಡೆ 0.29, ಇನ್ನೊಂದೆಡೆ 0.80. ಹಗಲು ಎಂಟು ತಾಸಿನಷ್ಟು ಮಾತ್ರ. ಫಲಕದ ಮೇಲೆ ಹಿಮ ಕುಳಿತರೆ ಇದೂ ಇಲ್ಲ.

ಲಿಥಿಯಂ ಬಂದ ಮೇಲೆ

ಇತ್ತೀಚಿನ ಆರ್‌ವಿಗಳಲ್ಲಿ ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬ್ಯಾಟರಿಗಳು ಹೆಚ್ಚುತ್ತಿವೆ. ಈ ವಸ್ತುವಿನ ಗುಣವನ್ನು ಜಾನ್ ಗುಡ್‌ಇನಫ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದರು. ಇದರ ದ್ರಾವಣದಲ್ಲಿ ನೀರಿಲ್ಲ. ಹಾಗಾಗಿ ಮಂಜು ಹಿಗ್ಗಿ ಒಡೆಯುವ ಭಯವಿಲ್ಲ. ಆದರೆ ಎರಡು ಬೇರೆ ತೊಡಕುಗಳಿವೆ. ಚಾರ್ಜು 90ರಿಂದ 30 ಪ್ರತಿಶತಕ್ಕೆ ಇಳಿಯುವವರೆಗೂ ವೋಲ್ಟೇಜು 13.2ರ ಆಸುಪಾಸಿನಲ್ಲೇ ಕದಲದೆ ಇರುತ್ತದೆ. ಇಲ್ಲಿ ವೋಲ್ಟ್‌ಮಾಪಕ ಬಹುತೇಕ ಮೂಕ. ಜೊತೆಗೆ 0° ಸೆ.ಗಿಂತ ಕೆಳಗೆ ಇದನ್ನು ಚಾರ್ಜು ಮಾಡಬಾರದು. ಲಿಥಿಯಂ ಅಯಾನುಗಳು ಗ್ರ್ಯಾಫೈಟಿನ ಪದರಗಳೊಳಗೆ ಸೇರಲಾರದೆ ಮೇಲೆಯೇ ಲೋಹವಾಗಿ ಲೇಪಗೊಳ್ಳುತ್ತವೆ. ಆದ್ದರಿಂದ ಸೀಸದ ಬ್ಯಾಟರಿಗೆ ಹೇಳಿದ 'ಸದಾ ತುಂಬಿಸಿಡಿ' ಎಂಬ ಉಪಾಯ ಇಲ್ಲಿ ಸಲ್ಲದು. ಅರ್ಧದಷ್ಟು ಚಾರ್ಜಿನಲ್ಲಿ ತಂತಿ ಕಳಚಿ ಬಿಟ್ಟುಬಿಡುವುದು ಕ್ಷೇಮ.

ತರಗತಿಯಲ್ಲಿ

ಆಮ್ಲದ ಪ್ರಮಾಣಕ್ಕೂ ಹೆಪ್ಪುಗಟ್ಟುವ ತಾಪಕ್ಕೂ ಇರುವ ನಂಟನ್ನು ಅಡುಗೆ ಉಪ್ಪಿನಿಂದ ತೋರಿಸಬಹುದು. ಆಮ್ಲ ಬೇಡ. ಮೂರು ಸಣ್ಣ ಪ್ಲಾಸ್ಟಿಕ್ ಡಬ್ಬಿಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ ಬರೀ ನೀರು. ಎರಡನೆಯದರಲ್ಲಿ 90 ಗ್ರಾಂ ನೀರಿಗೆ 10 ಗ್ರಾಂ ಉಪ್ಪು. ಮೂರನೆಯದರಲ್ಲಿ 77 ಗ್ರಾಂ ನೀರಿಗೆ 23 ಗ್ರಾಂ ಉಪ್ಪು. ಕಾಲುಭಾಗ ಖಾಲಿ ಇರುವಂತೆ ನೋಡಿಕೊಂಡು ಫ್ರಿಜ್ಜಿನ ಮಂಜಿನ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಡಿ. ಪೆಟ್ಟಿಗೆಯ ತಾಪ –18° ಸೆ. ಇದ್ದರೆ ಮೊದಲನೆಯದು ಕಲ್ಲಾಗಿರುತ್ತದೆ, ಎರಡನೆಯದು ಹರಳುಗಂಜಿಯಾಗಿರುತ್ತದೆ, ಸುಮಾರು –21° ಸೆ.ನಲ್ಲಿ ಹೆಪ್ಪುಗಟ್ಟುವ ಮೂರನೆಯದು ದ್ರವವಾಗಿಯೇ ಉಳಿದಿರುತ್ತದೆ. ಎರಡನೆಯ ಡಬ್ಬಿಯ ಹರಳುಗಳನ್ನು ಜಾಲರಿಯಲ್ಲಿ ಸೋಸಿ, ಉಳಿದ ದ್ರವವನ್ನು ಕೋಣೆಯ ತಾಪಕ್ಕೆ ಬರಲು ಬಿಟ್ಟು ಪ್ರಯೋಗಶಾಲೆಯ ಹೈಡ್ರೋಮೀಟರ್‌ನಲ್ಲಿ ಅದರ ಸಾಂದ್ರತೆ ಅಳೆಯಿರಿ. ಹೆಪ್ಪುಗಟ್ಟುವ ಮುನ್ನ ಇದ್ದುದಕ್ಕಿಂತ ಅದು ಎಷ್ಟು ಹೆಚ್ಚಿದೆ, ಏಕೆ ಎಂದು ಮಕ್ಕಳೇ ಹೇಳಲಿ.